ರಾಜೇಸಾಬ ಕಾಕಾನ ಕಂಪ್ಯೂಟರ್ ಬಸ್ಸು

ರಾಜೇಸಾಬ ಕಾಕಾ ಎಲ್ಲಿಂದ ಏಳಬೇಕಾದರೂ ಮೊದಲು ಎಡಗಡೆ ಹೊರಳಿ ಹಿಂದಕ್ಕೆ ನೋಡುತ್ತಿದ್ದರು. ಚಹಾದಂಗಡಿಯ ಬಾಕಿನಿಂದ ಏಳುವಾಗ, ಮದುವೆಯ ಪಂಕ್ತಿಯಿಂದ ಏಳುವಾಗ, ಮಸೀದಿಯ ಕಟ್ಟೆಯ ಮೇಲೆ ಮಾತು ಮುಗಿಸಿ ಏಳುವಾಗಲೂ ಅದೇ. ಗೊತ್ತಿಲ್ಲದವರು ಇವರು ಯಾರನ್ನೋ ಹುಡುಕುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಗೊತ್ತಿದ್ದ ನಮಗೆ ಅದು ಬಸ್ಸಿನ ಎಡಗನ್ನಡಿ. ಬದುಕಿನ ಬಹುಪಾಲು ಸರ್ಕಾರಿ ಬಸ್ಸಿನ ಸ್ಟೇರಿಂಗ್ ಹಿಡಿದ ಮನುಷ್ಯ, ನಿವೃತ್ತರಾಗಿ ಮನೆಗೆ ಬಂದ ಮೇಲೂ, ಹಿಂದೆ ಯಾರೂ ಹತ್ತುತ್ತಿಲ್ಲ, ಯಾರೂ ಇಳಿಯುತ್ತಿಲ್ಲ ಎಂದು ಖಾತ್ರಿಯಾಗದೆ ಜಾಗ ಬಿಡುತ್ತಿರಲಿಲ್ಲ.

ಎತ್ತರದ ತೆಳ್ಳನೆಯ ಆಳು. ಗಡ್ಡಕ್ಕೆ ಮೆಹಂದಿ. ಬಲಗೈ ಮಾತ್ರ ಎಡಗೈಗಿಂತ ಹೆಚ್ಚು ಕಪ್ಪು. ಕಿಡಕಿಯ ಬದಿಯ ಬಿಸಿಲನ್ನು ವರ್ಷಗಟ್ಟಲೆ ಉಂಡ ಕೈ ಅದು. ಮಾತು ಕಡಿಮೆ, ಆಡಿದ ಮಾತಿನಲ್ಲಿ ಎಲ್ಲೋ ಒಂದು ಕಡೆ ಗಾಡಿಯೋ ರಸ್ತೆಯೋ ಬಂದೇ ಬರುತ್ತಿತ್ತು. ಹಾರ್ನಿನ ಬಗ್ಗೆ ಅವರದೇ ಒಂದು ತತ್ವವಿತ್ತು. “ಹಾರ್ನ್ ಅಂದ್ರ ಬೈಗುಳಲ್ಲಬೇ, ಸಲಾಮ ಇದ್ದಂಗ. ಒಮ್ಮೆ ಹೇಳಿದ್ರ ಸಾಕು,” ಎನ್ನುತ್ತಿದ್ದರು. ಅವರ ಓಣಿಯಲ್ಲಿ ಮೋಟಾರ್ ಸೈಕಲ್ಲಿನ ಹಾರ್ನ್ ಒತ್ತಿ ಹಿಡಿದು ಹೋಗುವವರನ್ನು ಕಂಡರೆ ಏನೂ ಅನ್ನುತ್ತಿರಲಿಲ್ಲ. ಎದೆಯ ಮೇಲೆ ಕೈಯಿಟ್ಟು, ಸಲಾಮು ಮುಟ್ಟಿತು ಎನ್ನುವಂತೆ ತಲೆ ಬಾಗಿಸುತ್ತಿದ್ದರು. ಹಾರ್ನ್ ಒತ್ತಿದವರು ನಾಚಿ ಮುಂದೆ ಹೋಗುತ್ತಿದ್ದರು.

ನಮ್ಮೂರು ಘೋಣಸಗಿ. ಸಂಜೆ ವಿಜಯಪುರದಿಂದ ಬಂದು, ರಾತ್ರಿ ಊರಲ್ಲೇ ನಿಂತು, ಬೆಳಗಾಗುತ್ತಲೇ ಹೊರಡುವ ವಸ್ತಿ ಬಸ್ಸಿಗೆ ಕಾಕಾ ಡ್ರೈವರ್ ಆಗಿದ್ದರು. ನಾನು ಆ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ ಸಿವಿಲ್ ಡಿಪ್ಲೊಮಾ ಓದುತ್ತಿದ್ದೆ. ನಮ್ಮದು ಹೊಲದ ಮನೆ. ಊರ ಹೊರಗಿನ ಬೇವಿನ ಗಿಡದ ಹತ್ತಿರ ನಿಂತು ಬಸ್ಸು ಹತ್ತುತ್ತಿದ್ದೆ. ಪರೀಕ್ಷೆಯ ಒಂದು ದಿನ ಬೆಳಗ್ಗೆ ನಮ್ಮ ಎಮ್ಮೆ ಕರು ಹಾಕಿತು. ಅವ್ವನಿಗೆ ಕೈಜೋಡಿಸಿ ನಾನು ಗಿಡದ ಹತ್ತಿರ ಓಡಿಬರುವ ಹೊತ್ತಿಗೆ ಬಸ್ಸು ಎಬ್ಬಿಸಿದ ದೂಳು ಕೂಡ ಇಳಿದುಬಿಟ್ಟಿತ್ತು. ಪುಸ್ತಕ ಎದೆಗೊತ್ತಿಕೊಂಡು ಅಲ್ಲೇ ಅಳುತ್ತ ಕೂತೆ. ಸ್ವಲ್ಪ ಹೊತ್ತಿಗೆ ಊರೊಳಗಿಂದ ಹಾಲಿನ ಗಾಡಿ ಬಂತು. ತಿಕೋಟಾಕ್ಕೆ ಹಾಲು ಒಯ್ಯುವ ಗಾಡಿ. ಅದರವನು ನಿಲ್ಲಿಸಿ, ಬೇವಿನ ಗಿಡದ ಕೆಳಗೆ ಒಬ್ಬ ಹುಡುಗಿ ಇರತಾಳ, ಕರಕೊಂಡು ಬಾ ಅಂತ ನಾ ಊರಿಗೆ ಬರೂವಾಗ ದಾರ್ಯಾಗ ಎದುರು ಸಿಕ್ಕ ಬಸ್ಸಿನ ಡ್ರೈವರ್ ಹೇಳಿ ಹೋಗ್ಯಾರ, ಹತ್ತು ಎಂದ.

ತಿಕೋಟಾ ಬಸ್‌ ನಿಲ್ದಾಣದಲ್ಲಿ ನಮ್ಮ ಬಸ್ಸು ಬಾನೆಟ್ ತೆರೆದುಕೊಂಡು ನಿಂತಿತ್ತು. ಒಳಗಿನವರು ಗೊಣಗುತ್ತಿದ್ದರು. ಕಂಡಕ್ಟರ್ ಗಡಿಯಾರ ನೋಡುತ್ತಿದ್ದ. ಕಾಕಾ ಒಂದು ಕೊಡಪಾನದಿಂದ ರೇಡಿಯೇಟರಿಗೆ ಎಷ್ಟು ನಿಧಾನವಾಗಿ ನೀರು ಹಾಕುತ್ತಿದ್ದರೆಂದರೆ, ಕೂಸಿಗೆ ಔಷಧ ಕುಡಿಸುವವರೂ ಅಷ್ಟು ನಿಧಾನ ಮಾಡಲಿಕ್ಕಿಲ್ಲ. ನಾನು ಹಾಲಿನ ಗಾಡಿಯಿಂದ ಇಳಿದದ್ದನ್ನು ನೋಡಿ ಬಾನೆಟ್ ಮುಚ್ಚಿ, “ಸಾಕಾತು ಅದಕ್ಕ. ಇನ್ನ ನಡೀತೈತಿ,” ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿ ಸೀಟಿಗೆ ಹತ್ತಿದರು. ನನ್ನ ಕಡೆ ನೋಡಲೂ ಇಲ್ಲ. ಹಿಂದಿನ ಸಂಜೆ ನಾನು ಬಸ್ಸಿನಲ್ಲಿ ಓದುತ್ತ ಬಂದದ್ದನ್ನು ಕನ್ನಡಿಯಲ್ಲಿ ನೋಡಿದ್ದರಂತೆ. ಅದನ್ನು ಅವರು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ.

ಓದು ಮುಗಿದು, ಮದುವೆಯಾಗಿ, ನಾನು ಗೋಳಗುಮ್ಮಟದ ಹಿಂದಿನ ಓಣಿಯೊಂದಕ್ಕೆ ಬಂದೆ. ಮನೆ ಕಟ್ಟಿಸುವವರಿಗೆ, ಕಟ್ಟಿದ ಮೇಲೆ ಮನೆ ಹೇಗೆ ಕಾಣುತ್ತದೆ ಎಂಬುದನ್ನು ಮೊದಲೇ ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸುವುದು ನನ್ನ ಕೆಲಸ. ಒಂದು ದಿನ ಬಾಗಿಲಲ್ಲಿ ಕಾಕಾ ನಿಂತಿದ್ದರು. ಅವರ ಮನೆಯೂ ಅದೇ ಓಣಿಯ ತುದಿಗೆ. ನಿವೃತ್ತಿಯಾಗಿ ಮನೆಯ ಮೇಲೊಂದು ಖೋಲಿ ಹಾಕಿಸುವವರಿದ್ದರು. ನಾನು ಯಾರೆಂದು, ಅಂದು ಬಸ್ಸು ತಪ್ಪಿದ್ದು ಏಕೆಂದು ಹೇಳಿದ ಮೇಲೆ ಅವರು ಬಹಳ ಹೊತ್ತು ನಗುತ್ತ ನಿಂತರು. ಎಮ್ಮೆಯ ಕರು ಹೇಗಿದೆ ಎಂದು ಕೇಳಿದರು. ಅದೇ ಆಗಲೇ ಮೂರು ಸಲ ಕರು ಹಾಕಿತ್ತು.

ಅವರ ಮನೆಯ ಚಿತ್ರವನ್ನು ಪರದೆಯ ಮೇಲೆ ಸುತ್ತಲೂ ತಿರುಗಿಸಿ ತೋರಿಸಿದೆ. ಕಾಕಾ ಮನೆ ನೋಡಲಿಲ್ಲ. ಮನೆಯ ಮುಂದೆ ನಾನು ಸುಮ್ಮನೆ ಹಾಕಿದ್ದ ಒಂದು ತುಂಡು ರಸ್ತೆಯನ್ನೇ ನೋಡುತ್ತಿದ್ದರು.

“ಇದರಾಗ ಗಾಡಿ ಹೊಡಿಯಾಕ ಬರತೈತೇನಬೇ ಭಾಗ್ಯವ್ವಾ?” ಎಂದರು.

ಬರುತ್ತದೆ ಎಂದು, ಬಸ್ಸು ಓಡಿಸುವ ಒಂದು ಆಟ ಹಾಕಿ ತೋರಿಸಿದೆ. ಅಲ್ಲಿಂದ ಶುರುವಾಯಿತು. ಒಂದು ತಿಂಗಳೊಳಗೆ ಕಾಕಾ ಯಾರಿಂದಲೋ ಹಳೆಯ ಕಂಪ್ಯೂಟರ್ ಕೊಂಡರು, ಮೇಜಿಗೆ ಕಚ್ಚಿಸುವ ಒಂದು ಸ್ಟೇರಿಂಗ್ ತರಿಸಿದರು, ಕಾಲಿಗೆ ಬ್ರೇಕು ಎಕ್ಸಲೇಟರ್ ಇಟ್ಟುಕೊಂಡರು. ದಿನಾ ಬೆಳಗ್ಗೆ ನಾಷ್ಟಾ ಮುಗಿಸಿ, ಚಪ್ಪಲಿ ಹೊರಗೆ ಬಿಟ್ಟು, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಬಿಸ್ಮಿಲ್ಲಾ ಹೇಳಿ ಕೂರುತ್ತಿದ್ದರು. ಅವರ ಹೆಂಡತಿ ಜೈತುನಬಿ ಕಾಕಿ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತು, “ನೌಕರಿ ಮುಗದೈತಿ, ಡ್ಯೂಟಿ ಮುಗದಿಲ್ಲ ನೋಡು ಇವರದು,” ಎನ್ನುತ್ತಿದ್ದರು.

ಆಟದ ಊರು ಪರದೇಶದ್ದು. ಅಲ್ಲಿ ಗಾಡಿಗಳೆಲ್ಲ ರಸ್ತೆಯ ಬಲಗಡೆ ಓಡುತ್ತಿದ್ದವು. ಕಾಕಾನಿಗೆ ಅದು ಬಗೆಹರಿಯಲೇ ಇಲ್ಲ. ಊರಿಗೆ ಊರೇ ತಪ್ಪು ಬಾಜೂಕ್ಕೆ ಹೊರಟಿದೆ, ಕೇಳುವವರಿಲ್ಲ ಎನ್ನುತ್ತಿದ್ದರು. ಆದರೂ ಒಂದು ಸಿಗ್ನಲ್ ಮುರಿಯಲಿಲ್ಲ. ಯಾರೂ ನಿಂತಿರದ ಸ್ಟಾಪಿನಲ್ಲೂ ಬಸ್ಸು ನಿಲ್ಲಿಸಿ ಬಾಗಿಲು ತೆರೆದು ಮುಚ್ಚುತ್ತಿದ್ದರು. ಓಡಿಬರುವವರು ಇದ್ದರೆ, ಎಂಬುದು ಅವರ ಕಾರಣ.

ಇದೆಲ್ಲ ಆಟವಾಗಿಯೇ ಇದ್ದ ಕಾಲಕ್ಕೆ ಬಬಲೇಶ್ವರದಿಂದ ಕರೆ ಬಂತು. ಜೈತುನಬಿ ಕಾಕಿ ಬಬಲೇಶ್ವರದ ಮಗಳು. ಅವರ ತಮ್ಮನಿಗೆ ಅಲ್ಲಿಯ ಒಂದು ಖಾಸಗಿ ಶಾಲೆಯವರ ಪರಿಚಯ. ತಿಕೋಟಾ ಬದಿಯ ಹಳ್ಳಿಗಳಿಂದ ಮಕ್ಕಳನ್ನು ಕರೆತರುವ ಗಾಡಿಗೆ ಅನುಭವಸ್ಥ ಡ್ರೈವರ್ ಬೇಕು, ನಿಮ್ಮ ಭಾವನವರು ಬಂದರೆ ನಮ್ಮ ಪುಣ್ಯ ಎಂದಿದ್ದರಂತೆ. ಕಾಕಾ ಒಂದೇ ಮಾತಿಗೆ ಹೂಂ ಅಂದುಬಿಟ್ಟರು. ಬೇಸಿಗೆ ರಜೆ ಮುಗಿದ ಮೇಲೆ ಸೇರುವುದು ಎಂದಾಯಿತು. ಸಂಬಳದ ಆಸೆಗೆ ಅಲ್ಲ. ಅವರ ಪೆನ್ಶನ್ ಇಬ್ಬರಿಗೆ ಸಾಕಾಗುತ್ತಿತ್ತು. ಆ ದಿನ ನಮ್ಮ ಮನೆಗೆ ಪೇಢೆ ತಂದಿದ್ದ ಅವರ ನಡಿಗೆಯೇ ಬೇರೆಯಾಗಿತ್ತು.

ಪೇಢೆ ಕೊಟ್ಟು ಕಾಕಾ ಒಂದು ಬೇಡಿಕೆ ಇಟ್ಟರು. ಆ ಆಟದಲ್ಲಿ ನಮಗೆ ಬೇಕಾದ ರಸ್ತೆಯನ್ನು ನಾವೇ ಕಟ್ಟಿ ಸೇರಿಸಬಹುದು ಎಂದು ನಾನೇ ಯಾವಾಗಲೋ ಹೇಳಿದ್ದೆ. ತಿಕೋಟಾದಿಂದ ಬಬಲೇಶ್ವರದ ರಸ್ತೆ ಮಾಡಿಕೊಡು, ಶಾಲೆ ಶುರುವಾಗುವುದರೊಳಗೆ ಕೈ ಹದಕ್ಕೆ ಬರಬೇಕು ಎಂದರು. ನಾನು ಒಪ್ಪಿದೆ. ಕೆಲಸದ ನಡುವೆ ಬಿಡುವು ಮಾಡಿಕೊಂಡು ಕಟ್ಟಿದೆ. ಕರಿ ಎರೆ ಹೊಲ, ದ್ರಾಕ್ಷಿ ತೋಟ, ಹಸಿರು ಜಾಳಿಗೆ ಹೊದ್ದ ಒಣದ್ರಾಕ್ಷಿಯ ಶೆಡ್ಡುಗಳು, ಕಾಲುವೆಯ ಮೇಲಿನ ಸೇತುವೆ, ಬೇವು, ಜಾಲಿ. ಸ್ಟಾಪುಗಳಲ್ಲಿ ಒಬ್ಬಿಬ್ಬರನ್ನು ನಿಲ್ಲಿಸಿದೆ. ಒಂದು ಬನ್ನಿಗಿಡದ ಕೆಳಗೆ ಗಂಟು ಹಿಡಿದ ಮುದುಕಿಯೊಬ್ಬಳನ್ನು ಇಟ್ಟೆ.

ಕಾಕಾನ ಕಂಪ್ಯೂಟರಿಗೆ ಅದನ್ನು ಹಾಕಿದರೆ ಅದು ಕುಂಟುತ್ತ ಓಡಿತು. ಚಿತ್ರವನ್ನು ಮೂಡಿಸುವ ಒಳಗಿನ ಕಾರ್ಡು ಬಹಳ ಹಳೆಯದು. ನಾನು ಚಿತ್ರದ ನಯವನ್ನು ತಗ್ಗಿಸಿದೆ. ಓಡಿತು, ಆದರೆ ದೂರದ್ದೆಲ್ಲ ಮಸುಕಾಯಿತು. ಕಾಕಾ ಎರಡು ದಿನ ಓಡಿಸಿ ಬಂದು, “ರಸ್ತೆ ಬರೋಬ್ಬರಿ ಐತಿ. ಆದ್ರ ಮಂಜ ಬಿದ್ದಂಗ ಆಗೇತಿ. ನಮ್ಮ ಕಡೆ ಬ್ಯಾಸಗ್ಯಾಗ ಮಂಜ ಎಲ್ಲಿಂದ ಬಂತಬೇ?” ಎಂದು ಕೇಳಿದರು.

ಆಗಲೇ ಹೊಸ ಗ್ರಾಫಿಕ್ಸ್ ಕಾರ್ಡಿನ ಮಾತು ಬಂದದ್ದು. ಮಾರುಕಟ್ಟೆಗೆ ಹೊಸದೊಂದು ಬಂದಿತ್ತು. ತೀರ ಮೇಲಿನದೂ ಅಲ್ಲ, ತೀರ ಅಗ್ಗದ್ದೂ ಅಲ್ಲ, ನಮ್ಮಂಥವರು ಕೈಚಾಚಿದರೆ ಸಿಕ್ಕೀತು ಎನ್ನುವಂಥದು. ನನಗೂ ಅದು ಬೇಕಾಗಿತ್ತು. ಮನೆಯ ಚಿತ್ರ ಸಾಲದು, ಒಳಗೆ ಅಡ್ಡಾಡಿದಂತೆ ವಿಡಿಯೊ ಮಾಡಿಕೊಡಿ ಎಂದು ಗಿರಾಕಿಗಳು ಕೇಳತೊಡಗಿದ್ದರು. ನನ್ನ ಕಂಪ್ಯೂಟರ್ ಒಂದು ವಿಡಿಯೊ ಮುಗಿಸುವಷ್ಟರಲ್ಲಿ ಅಡುಗೆ, ಊಟ, ಮುಸುರೆ ಎಲ್ಲ ಮುಗಿಯುತ್ತಿತ್ತು. ನಾನು ತಿಂಗಳುಗಟ್ಟಲೆ ಓದಿ, ನೋಡಿ, ಅಳೆದಿದ್ದೆ. ಹಿಂದಿನದಕ್ಕಿಂತ ಇದು ಮಹಾ ಮೇಲೇನಲ್ಲ ಎನ್ನುವವರು ಕೆಲವರು. ಈ ಬೆಲೆಗೆ ಇದಕ್ಕಿಂತ ಒಳ್ಳೆಯದು ಇಲ್ಲ ಎನ್ನುವವರು ಕೆಲವರು. ಇಬ್ಬರದೂ ನಿಜವಿತ್ತು, ಅದೇ ತೊಂದರೆ.

ಇದನ್ನೆಲ್ಲ ಕಾಕಾನಿಗೆ ಹೇಳಿದಾಗ ಅವರು ಡಿಪೋದಲ್ಲಿ ಹೊಸ ಗಾಡಿ ಇಳಿದಾಗ ಕೇಳುವಂತೆ ಒಂದೊಂದೇ ಕೇಳಿದರು. ಕರೆಂಟು ಎಷ್ಟು ಕುಡಿಯುತ್ತದೆ. ಬಿಸಿಯಾಗುತ್ತದೆಯೇ. ಭಾರ ಬಿದ್ದಾಗ ಎಳೆಯುತ್ತದೆಯೋ, ಬರಿಗಾಡಿಯಲ್ಲಿ ಮಾತ್ರ ಜೋರೋ. ಅದರ ಮೆಮೊರಿಯ ಬಗ್ಗೆ ಹೇಳಿದಾಗ, ಅಂದರೆ ಎಷ್ಟು ಸೀಟಿನದು ಅಂತಲೇ ಎಂದರು. ಹೌದು ಎಂದೆ, ಸೀಟು ತುಂಬಿದ ಮೇಲೂ ಹತ್ತಿಸಿದರೆ ಗಾಡಿ ತೆವಳುತ್ತದೆ, ಇದರಲ್ಲಿ ಸೀಟು ಇನ್ನೊಂದಿಷ್ಟು ಇರಬೇಕಿತ್ತು ಎಂಬುದೇ ಎಲ್ಲರ ದೂರು ಎಂದೆ. ಅವರ ಕಂಪ್ಯೂಟರಿಗೆ ಹಾಕುವುದಾದರೆ ಕಾರ್ಡೊಂದೇ ಅಲ್ಲ, ಕರೆಂಟು ಕೊಡುವ ಡಬ್ಬಿಯನ್ನೂ ಬದಲಿಸಬೇಕಿತ್ತು. ಹಳೆಯ ಪರದೆಯಲ್ಲಿ ಹೊಸ ಕಾರ್ಡಿನ ಬೆಡಗು ಪೂರ್ತಿ ಕಾಣುವುದೂ ಇಲ್ಲ.

ಕಾಕಾ ಗಡ್ಡ ನೀವಿಕೊಂಡು ಹೇಳಿದರು: “ಹೊಸಾ ಗಾಡಿ ಬಂದಾಗ ಮಂದಿ ಬಣ್ಣಾ ನೋಡತಾರ. ಡ್ರೈವರ್ ಇರತಾನಲ್ಲ, ಅವ ಇದನ್ನ ಯಾವ ರೂಟಿಗೆ ಹಾಕತೀರಿ ಅಂತ ಕೇಳತಾನ. ನಿನ್ನ ರೂಟಿಗೆ ಇದು ಬೇಕೇನು?”

ಬೇಕು ಎಂದೆ. ಹಾಗಾದರೆ ನೀನು ತಗೋ, ನನ್ನ ರೂಟಿಗೆ ಹೌದೋ ಅಲ್ಲೋ ಅಂತ ನಿನ್ನದರಲ್ಲಿ ಕೂತು ನೋಡಿ ಹೇಳುತ್ತೇನೆ ಎಂದರು.

ಕಾರ್ಡು ಬಂದ ವಾರ, ಒಂದು ಮಧ್ಯಾಹ್ನ, ಅವರ ಕಂಪ್ಯೂಟರನ್ನೂ ನಮ್ಮ ಮನೆಗೆ ತಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟೆವು. ಎರಡರಲ್ಲೂ ಅದೇ ರಸ್ತೆ. ಜೈತುನಬಿ ಕಾಕಿಯೂ ಬಂದಿದ್ದರು. ಹೊಸದರಲ್ಲಿ ಬೇವಿನ ಎಲೆಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು; ರಸ್ತೆಯ ಮೇಲೆ ಅವುಗಳ ನೆರಳು ಅಲುಗುತ್ತಿತ್ತು. ಕಾಕಿ ಗಲ್ಲಕ್ಕೆ ಕೈಹಚ್ಚಿದರು. ಶೆಡ್ಡಿನ ಜಾಳಿಗೆಯ ಕಣ್ಣುಗಳೂ ಕಾಣುತ್ತವೆ, ತಂತಿಯ ಮೇಲೆ ಕಾಗೆ ಕೂತಿದೆ ಎಂದು ಒಂದೊಂದೇ ಎಣಿಸಿ ಹೇಳಿದರು. ಕಾಕಾ ಇದನ್ನೂ ಅದನ್ನೂ ನೋಡಿ, “ಛಲೋ ಐತಿ,” ಎಂದರು. ಬೀಗರ ಮನೆಯಲ್ಲಿ ಉಪ್ಪಿಲ್ಲದ ಸಾರು ಉಣ್ಣುವವರು ಛಲೋ ಐತಿ ಎನ್ನುವ ಹಾಗೆ.

ಓಡಿಸಿ ನೋಡಿರಿ ಎಂದೆ. ಕೂತರು. ತಿಕೋಟಾ ಬಿಟ್ಟಿತು. ತೋಟಗಳು ದಾಟಿದವು. ಬನ್ನಿಗಿಡ ಬಂತು, ಗಂಟು ಹಿಡಿದ ಮುದುಕಿ ಎಡಗಡೆ ನಿಂತಿದ್ದಳು. ಬಸ್ಸು ನಿಲ್ಲಲಿಲ್ಲ.

ಕಾಕಿ ನಕ್ಕರು. “ಮುದುಕಿನ್ನ ಬಿಟ್ಟ ಬಂದ್ರಲ್ಲರೀ.”

ಕಾಕಾ ಯಾವ ಮುದುಕಿ ಎಂದು ಕೇಳಿದರು. ನಾನು ಮತ್ತೆ ಮೊದಲಿನಿಂದ ಹಾಕಿದೆ. ಈ ಸಲ ಅವರು ಮೈಯೆಲ್ಲ ಕಣ್ಣಾಗಿ ನಿಧಾನ ಬಂದರು. ಬನ್ನಿಗಿಡ ಬಂತು. ಮತ್ತೆ ದಾಟಿಹೋಯಿತು. ಜನರಿಲ್ಲದ ಸ್ಟಾಪಿನಲ್ಲೂ ಬಾಗಿಲು ತೆರೆಯುತ್ತಿದ್ದ ಮನುಷ್ಯ. ಕಾಕಿಯ ನಗು ಅರ್ಧಕ್ಕೆ ನಿಂತಿತು.

“ಇದರಾಗೂ ಮಂಜ ಐತಲ್ಲಬೇ,” ಎಂದರು ಕಾಕಾ, ನನ್ನ ಕಡೆ ತಿರುಗಿ. ಕಾರ್ಡಿನ ದೋಷವೇನೋ ಎಂಬಂಥ ಮುಖ.

ಆ ಪರದೆಯಲ್ಲಿ ಮಂಜು ಇರಲಿಲ್ಲ. ಅವರಿಗೆ ಬಹಳ ವರ್ಷಗಳಿಂದ ಶುಗರ್ ಇದ್ದದ್ದು ನನಗೆ ಗೊತ್ತಿತ್ತು. ಕಾಕಾ, ಬಲಗಣ್ಣು ಮುಚ್ಚಿ ಪರದೆ ನೋಡಿರಿ ಎಂದೆ.

ಅವರು ಅಂಗೈಯಿಂದ ಬಲಗಣ್ಣು ಮುಚ್ಚಿದರು. ಕೈ ತೆಗೆದರು, ಮತ್ತೆ ಮುಚ್ಚಿದರು. ಪರದೆ ಬಿಟ್ಟು ಕಿಡಕಿ ನೋಡಿದರು, ಕಾಕಿಯ ಮುಖ ನೋಡಿದರು.

“ಈ ಕಣ್ಣಾಗ ಏನೂ ಇಲ್ಲಬೇ ಭಾಗ್ಯವ್ವಾ,” ಎಂದರು. “ಬರೀ ಬೆಳ್ಳಗೈತಿ.”

ಮರುದಿನ ನಾವು ಮೂವರೂ ಕಣ್ಣಿನ ಆಸ್ಪತ್ರೆಗೆ ಹೋದೆವು. ಶುಗರ್ ಕಣ್ಣಿನ ಹಿಂದಿನ ಪರದೆಯನ್ನು ಒಳಗೊಳಗೇ ತಿಂದಿತ್ತು. ಇನ್ನೊಂದು ಕಣ್ಣು ಇಷ್ಟು ದಿನ ಎರಡರ ಕೆಲಸವನ್ನೂ ಮಾಡಿಕೊಂಡು ಬಂದದ್ದರಿಂದ ಗೊತ್ತಾಗಿರಲಿಲ್ಲ ಎಂದರು ಡಾಕ್ಟರು. ಎಡಗಣ್ಣು ಮರಳುವ ಭರವಸೆಯಿಲ್ಲ. ಬಲಗಣ್ಣಿನಲ್ಲೂ ಶುರುವಾಗಿದೆ, ಲೇಸರ್ ಕೊಟ್ಟರೆ ಇದ್ದದ್ದನ್ನು ಉಳಿಸಿಕೊಳ್ಳಬಹುದು. ಇನ್ನೂ ತಡವಾಗಿದ್ದರೆ ಅದೂ ಕಷ್ಟವಿತ್ತು. ಕಾಕಾ ಎಲ್ಲವನ್ನೂ ಕೇಳಿಸಿಕೊಂಡು, ಶಾಲೆಯ ಗಾಡಿ ಓಡಿಸಬಹುದೇ ಎಂದು ಒಂದೇ ಪ್ರಶ್ನೆ ಕೇಳಿದರು. ಡಾಕ್ಟರು ಚಿಕ್ಕವರು, ಮೆದು ಮಾತಿನವರು. ಶಾಲೆಯ ಗಾಡಿಯಲ್ಲ, ಸ್ಕೂಟರ್ ಕೂಡ ಬೇಡ ಎಂದರು. ಹಿಂದಿರುಗುವಾಗ ಆಟೋದವನು ಬಾಗಲಕೋಟೆ ನಾಕಾದ ಗದ್ದಲದಲ್ಲಿ ಹಾರ್ನ್ ಒತ್ತಿ ಹಿಡಿದೇ ಹೊಡೆದ. ಕಾಕಾ ಎದೆಯ ಮೇಲೆ ಕೈಯಿಡಲಿಲ್ಲ. ಕಾಕಿ ಅವರ ತೋಳು ಹಿಡಿದುಕೊಂಡಿದ್ದರು.

ಲೇಸರ್ ಶುರುವಾಯಿತು. ಶಾಲೆ ತೆರೆಯುವ ದಿನ ಹತ್ತಿರ ಬಂತು. ಫೋನಿನಲ್ಲಿ ಹೇಳಿದರಾಯಿತು ಎಂದು ಕಾಕಿಯ ತಮ್ಮ ಹೇಳಿದ. ಕಾಕಾ ಒಪ್ಪಲಿಲ್ಲ. ನೌಕರಿ ಕೊಟ್ಟವರಿಗೆ ಮಾರಿ ತೋರಿಸಿ ಹೇಳಬೇಕು ಎಂದರು. ಲೇಸರಿನ ಕಣ್ಣು ನೀರಾಡುತ್ತಿದ್ದರಿಂದ ಜೊತೆಗೆ ನಾನು ಹೋದೆ. ಬಬಲೇಶ್ವರದ ಬಸ್ಸಿನಲ್ಲಿ ಅವರು ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತರು. ಗೇರು ಬದಲಾಗುವ ಪ್ರತಿ ಸಲವೂ ಅವರ ಎಡಗಾಲು ಸ್ವಲ್ಪ ಒತ್ತುತ್ತಿತ್ತು.

ಶಾಲೆಯ ಆಡಳಿತ ನೋಡಿಕೊಳ್ಳುವವರು ಕುರ್ಚಿ ಕೊಟ್ಟು ಚಹಾ ತರಿಸಿದರು. ವಿಷಯ ಕೇಳಿ ಅವರ ಮುಖ ಸಪ್ಪಗಾಯಿತು. ಈಗ ಹೊತ್ತಿನ ಮೇಲೆ ಡ್ರೈವರ್ ಎಲ್ಲಿ ಸಿಗುತ್ತಾನೆ, ಸಿಕ್ಕವರು ಕುಡಿಯುತ್ತಾರೆ ಎಂದು ಅಲವತ್ತುಕೊಂಡರು. ಆಮೇಲೆ ದನಿ ತಗ್ಗಿಸಿ, ಒಂದು ಕಣ್ಣು ಚೆನ್ನಾಗಿದೆಯಲ್ಲ, ನಿಮ್ಮ ಕೈ ಎಂಥದೆಂದು ಊರಿಗೇ ಗೊತ್ತು, ಹಗಲಿನ ಕೆಲಸ, ಗೊತ್ತಿದ್ದ ರಸ್ತೆ, ಬೇರೆಯವರು ಸಿಗುವವರೆಗೆ ನಿಧಾನ ಹೊಡೆದುಕೊಂಡಿರಿ, ಲೈಸೆನ್ಸಿನ ಅವಧಿ ಇನ್ನೂ ಇದೆಯಲ್ಲ ಎಂದರು. ಕೆಟ್ಟ ಮನುಷ್ಯರಲ್ಲ. ಅಡಚಣೆಯಲ್ಲಿದ್ದರು.

ನಾನು ಕಾಕಾನ ಮುಖ ನೋಡಿದೆ. ಆಸೆ ಬಂದು ಹೋದದ್ದು ಕಂಡಿತು. ಹೊರಗೆ ಅಂಗಳದಲ್ಲಿ ಹಳದಿ ಗಾಡಿ ತೊಳೆದು ನಿಲ್ಲಿಸಿತ್ತು. ಅವರು ಅದನ್ನೇ ನೋಡುತ್ತ ಚಹಾ ಮುಗಿಸಿ, ಕಪ್ಪು ಕೆಳಗಿಟ್ಟು ಹೇಳಿದರು: “ಇಲ್ಲ ಸರ್. ಬಾಗಲಾ ಎಡಗಡೆ ಇರತೈತ್ರಿ. ಹುಡುಗೂರು ಇಳಿಯೂದು ಆ ಕಡೇನ.”

ಆಡಳಿತದವರು ಮತ್ತೆ ಒತ್ತಾಯಿಸಲಿಲ್ಲ. ಹೊರಗೆ ಬರುವಾಗ ಕಾಕಾ ಆ ಗಾಡಿಯ ಸುತ್ತ ಒಂದು ಸಲ ನಡೆದರು. ಹಿಂದಿನ ಟೈರು ಕೈಯಿಂದ ತಟ್ಟಿ, ಗಾಳಿ ಕಡಿಮೆಯಿದೆ, ಬರುವವನಿಗೆ ಹೇಳಿರಿ ಎಂದು ಹೇಳಿ ಬಂದರು. ಊರಿಗೆ ಬಂದ ಮೇಲೆ ತಮ್ಮ ಮೊಪೆಡ್ ಅನ್ನೂ ಕಾಕಿಯ ತಮ್ಮನಿಗೆ ಕೊಟ್ಟುಬಿಟ್ಟರು.

ಆಮೇಲೆ ಕಾಕಾ ಕಂಪ್ಯೂಟರಿನ ಹತ್ತಿರವೂ ಹೋಗಲಿಲ್ಲ. ಸ್ಟೇರಿಂಗಿನ ಮೇಲೆ ಒಂದು ಟವೆಲ್ ಹೊದಿಸಿದರು. ಬೆಳಗ್ಗೆ ಭೂತನಾಳದ ಕೆರೆಯ ಕಡೆ ನಡೆದುಬಂದು, ಉಳಿದ ಹೊತ್ತೆಲ್ಲ ಹೊಸ್ತಿಲ ಮೇಲೆ ಕೂರುತ್ತಿದ್ದರು. ಜೈತುನಬಿ ಕಾಕಿ ಒಂದು ದಿನ ನಮ್ಮ ಮನೆಗೆ ಬಂದು, “ಅವರು ಸಿಟ್ಟ ಮಾಡಿದ್ರ ತಡಕೋತೀನಿ. ಹಿಂಗ ಸುಮ್ಮ ಕೂತ್ರ ನನಗ ಅಂಜಿಕಿ ಬರತೈತಿ,” ಎಂದರು. ಏನಾದರೂ ಮಾಡು ಎಂದು ಹೇಳಲಿಲ್ಲ. ಸ್ವಲ್ಪ ಹೊತ್ತು ಕೂತು ಎದ್ದುಹೋದರು.

ನಾನು ಆ ರಸ್ತೆಯನ್ನು ಮತ್ತೆ ತೆರೆದೆ. ಹೊಸ ಕಾರ್ಡು ಮೂಡಿಸುವ ಎಲ್ಲ ಬೆಡಗೂ ಅದರಲ್ಲಿತ್ತು. ಎಡಗಣ್ಣು ಮುಚ್ಚಿ, ಬಲಗಣ್ಣಿನ ಮುಂದೆ ತೆಳುವಾದ ಬಟ್ಟೆ ಹಿಡಿದು ನೋಡಿದೆ. ಅಲುಗುವ ನೆರಳೆಲ್ಲ ರಸ್ತೆಯ ಮೇಲಿನ ತಗ್ಗಿನಂತೆ ಕಾಣುತ್ತಿತ್ತು. ಬಿಡಿಬಿಡಿ ಎಲೆಗಳ ನಡುವೆ ಮುದುಕಿ ಎಲ್ಲೋ ಕಳೆದುಹೋಗಿದ್ದಳು. ಹಾಗಾಗಿ ಒಂದೊಂದೇ ತೆಗೆಯುತ್ತ ಹೋದೆ. ನೆರಳು ತೆಗೆದೆ. ಎಲೆ ತೆಗೆದು ಗಿಡವನ್ನು ಹಸಿರು ಮುದ್ದೆ ಮಾಡಿದೆ. ರಸ್ತೆಯನ್ನು ಕಡುಗಪ್ಪು ಮಾಡಿ ಅಂಚಿಗೆ ದಪ್ಪ ಬಿಳಿ ಪಟ್ಟೆ ಎಳೆದೆ. ಸ್ಟಾಪಿನ ಜನರಿಗೆಲ್ಲ ಹಳದಿ ಬಟ್ಟೆ ತೊಡಿಸಿ, ಅವರನ್ನು ರಸ್ತೆಗೆ ಇನ್ನಷ್ಟು ಹತ್ತಿರ ತಂದೆ. ಚಿತ್ರವನ್ನು ನಿಜದಂತೆ ಕಾಣಿಸುವುದೇ ನನ್ನ ಹೊಟ್ಟೆಪಾಡು. ಇದು ಸಾಲಿ ಮಕ್ಕಳು ಬಣ್ಣದ ಕಡ್ಡಿಯಲ್ಲಿ ಬರೆದ ಚಿತ್ರದಂತಾಯಿತು. ಕಾಕಾನ ಹಳೆಯ ಕಂಪ್ಯೂಟರಿನಲ್ಲಿ ಅದು ಎಲ್ಲೂ ಕುಂಟದೆ ಓಡಿತು.

ಅವರನ್ನು ಕೂರಿಸುವುದೇ ದೊಡ್ಡ ಕೆಲಸವಾಯಿತು. ನಾನು ಮಾಡಿದ್ದು ಹಾಳಾಗುತ್ತದೆ, ಒಮ್ಮೆ ನೋಡಿರಿ ಎಂದು ಕಾಡಿದ ಮೇಲೆ ಟವೆಲ್ ತೆಗೆದರು. ಪರದೆಯನ್ನು ಸ್ವಲ್ಪ ಬಲಕ್ಕೆ ಸರಿಸಿ ಕೊಟ್ಟೆ. ತಿಕೋಟಾ ಬಿಟ್ಟಿತು. ಮೊದಲು ಬಹಳ ನಿಧಾನ, ಆಮೇಲೆ ಎರಡನೇ ಗೇರು. ಬನ್ನಿಗಿಡದ ಹತ್ತಿರ ಬ್ರೇಕು ಬಿತ್ತು. ಬಸ್ಸು ಮುದುಕಿಯ ಎದುರಿಗೇ ನಿಂತಿತು.

“ಕಾಣಾಕತ್ತಾಳ,” ಎಂದರು ಕಾಕಾ. ಬಾಗಿಲು ತೆರೆದರು. ಅವಳು ಹತ್ತುವ ಬೊಂಬೆಯಲ್ಲ, ನಿಂತೇ ಇರುವ ಬೊಂಬೆ. ಆದರೂ ಅವರು ಬಾಗಿಲು ತೆರೆದುಕೊಂಡೇ ಬಹಳ ಹೊತ್ತು ಇದ್ದರು. ಬಲಗಣ್ಣಿನಿಂದ ನೀರು ಇಳಿಯುತ್ತಿತ್ತು. ಲೇಸರಿನದೋ ಏನೋ, ನಾನು ಕೇಳಲಿಲ್ಲ.

ಮತ್ತೆ ಡ್ಯೂಟಿ ಶುರುವಾಯಿತು. ಡಾಕ್ಟರು ಹೇಳಿದಂತೆ ನಡುನಡುವೆ ಎದ್ದು ಕಣ್ಣಿಗೆ ವಿಶ್ರಾಂತಿ ಕೊಡುತ್ತಿದ್ದರು. ವಾರಕ್ಕೊಂದು ಸಲ ನನಗೆ ದೂರು ಬರುತ್ತಿತ್ತು: ಕಾಲುವೆಯ ಸೇತುವೆ ಕಾಣುವುದಿಲ್ಲ, ಬಿಳಿ ಬಣ್ಣ ಬಳಿ, ಒಂದು ಎಮ್ಮೆ ತಿರುವಿನಲ್ಲೇ ನಿಂತಿದೆ, ಅದನ್ನು ಆಚೆ ಕಟ್ಟು. ನಾನು ಊರಿನ ರಸ್ತೆ ದುರಸ್ತಿ ಮಾಡುವವಳಂತೆ ಮಾಡಿಕೊಡುತ್ತಿದ್ದೆ. ಒಂದು ದಿನ, ಕೊನೆಗೂ ಆ ಹೊಸ ಕಾರ್ಡು ತಗೊಂಡದ್ದು ಕೆಲಸಕ್ಕೆ ಬಂತೋ ಇಲ್ಲವೋ ಎಂದು ಕೇಳಿದರು. ನನ್ನ ವಿಡಿಯೊಗಳಿಗೆ ಚೆನ್ನಾಗಿ ಬಂತು, ನೀವು ತಗೊಂಡಿದ್ದರೆ ದಂಡವಾಗುತ್ತಿತ್ತು ಎಂದೆ. “ಅದನ್ನ ತಂದದ್ದಕ್ಕನ ನನಗ ಕಣ್ಣ ಹೋಗಿದ್ದು ಗೊತ್ತಾತು. ದಂಡ ಅನಬ್ಯಾಡ ಅದಕ್ಕ,” ಎಂದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಚಳಿ ಹೋಗಿ ಬಿಸಿಲು ಬರುವ ಹೊತ್ತಿನ ಒಂದು ಸಂಜೆ. ಅವರ ಮನೆಗೆ ಹೋದಾಗ ಕಾಕಿ ಕಂಪ್ಯೂಟರಿನ ಮುಂದೆ, ಕಾಕಾನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಡ್ಯೂಟಿಯಲ್ಲಿದ್ದಾಗ ಕಾಕಾ ಮನೆಯವರನ್ನು ಮುಂದಿನ ಸೀಟಿಗೆ ಕೂರಗೊಡುತ್ತಿರಲಿಲ್ಲವಂತೆ. ಮಾತು ಬೆಳೆಯುತ್ತದೆ, ಲಕ್ಷ್ಯ ತಪ್ಪುತ್ತದೆ ಎಂದು. ತವರಿಗೆ ಹೋಗುವಾಗಲೂ ಕಾಕಿ ಹಿಂದೆಲ್ಲೋ ಕೂತು ಅವರ ಟೊಪ್ಪಿಗೆ ನೋಡುತ್ತ ಹೋದವರು. ಆ ಸಂಜೆ ಮಾತೇ ಮಾತು. ಇಲ್ಲಿ ಹುಣಸೆ ಗಿಡವಿತ್ತು, ಇಲ್ಲಿ ನಮ್ಮ ಅಪ್ಪ ಬಾವಿ ತೋಡಿಸಿದ್ದ, ಇದೇಕೆ ಇಲ್ಲ ಎಂದು ನನ್ನನ್ನೂ ಕೇಳಿದರು. ಬಬಲೇಶ್ವರ ಬಂದಾಗ, “ನಮ್ಮ ಅವ್ವನ ಮನಿ ಎಲ್ಲೈತಿ?” ಎಂದರು.

ನಾನು ಅದನ್ನು ಕಟ್ಟಿರಲಿಲ್ಲ. ಎಲ್ಲಿ ಬರುತ್ತದೆ ಹೇಳಿರಿ, ಕಟ್ಟಿಕೊಡುತ್ತೇನೆ ಎಂದೆ. ಕಾಕಿ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಕಾಕಾ ಆ ಬೆರಳಿನ ಹತ್ತಿರವೇ ಬಸ್ಸು ನಿಲ್ಲಿಸಿ, “ಕಟ್ಟೂತನಕ ಇಲ್ಲೇ ಬೈಲಾಗ ಇಳಿ,” ಎಂದರು. ಕಾಕಿ ಅವರ ಭುಜಕ್ಕೆ ಮೆಲ್ಲಗೆ ಹೊಡೆದರು.

ಆ ವಾರವೇ ಒಂದು ಬೆಳಗ್ಗೆ ಕೆರೆಯ ಕಡೆಯಿಂದ ನಡೆದುಬಂದು, ಚಹಾ ಕುಡಿದು, ಸ್ವಲ್ಪ ಅಡ್ಡಾಗುತ್ತೇನೆ ಎಂದು ಮಲಗಿದವರು ಏಳಲಿಲ್ಲ. ಎದೆ ನಿಂತುಬಿಟ್ಟಿತ್ತು. ಡಿಪೋದಿಂದ ಬಹಳ ಜನ ಬಂದರು. ಓಣಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲದೆ ದೂರ ನಿಲ್ಲಿಸಿ ನಡೆದುಬಂದರು. ಒಬ್ಬರೂ ಹಾರ್ನ್ ಮಾಡಲಿಲ್ಲ.

ಗಂಡ ತೀರಿದ ಹೆಂಗಸರು ಪಾಲಿಸುವ ಇದ್ದತ್ತಿನ ನಾಲ್ಕು ತಿಂಗಳು ಕಾಕಿ ಮನೆ ಬಿಟ್ಟು ಹೊರಗೆ ಬರುವಂತಿರಲಿಲ್ಲ. ನಾನು ಹೋಗಿ ಕೂತು ಬರುತ್ತಿದ್ದೆ. ಅವರ ತಾಯಿಯ ಮನೆಯನ್ನು ಕಟ್ಟಿ ಇಟ್ಟಿದ್ದೆ, ತೋರಿಸುವುದೋ ಬೇಡವೋ ಎಂದು ಬಹಳ ದಿನ ಮನಸ್ಸು ಹೊಯ್ದಾಡಿತು. ಒಂದು ಮಧ್ಯಾಹ್ನ ತಡೆಯದೆ ಹೇಳಿದೆ. ಕಾಕಿ ಸೆರಗು ಸರಿಮಾಡಿಕೊಂಡು ಬಂದು ಕೂತರು. ಪರದೆಯ ಮುಂದಿನ ಸ್ಟೂಲಿನ ಮೇಲಲ್ಲ, ಕಾಕಾನ ಕುರ್ಚಿಯ ಮೇಲೆ. ಸ್ಟೇರಿಂಗ್ ಹಿಡಿದು, ಯಾವುದು ಒತ್ತಿದರೆ ಹೋಗುತ್ತದೆ ಎಂದು ಕೇಳಿದರು. ತೋರಿಸಿದೆ.

ತಿಕೋಟಾ ಬಿಟ್ಟ ಬಸ್ಸು ಒಂದು ಕ್ಷಣವೂ ರಸ್ತೆಯ ಮೇಲೆ ಉಳಿಯಲಿಲ್ಲ. ಬಿಳಿ ಪಟ್ಟೆ ದಾಟಿ, ಎರೆ ಹೊಲಕ್ಕಿಳಿದು, ಜೋಳದ ನಡುವೆ ಸರ್ರನೆ ನುಗ್ಗಿ, ದ್ರಾಕ್ಷಿ ತೋಟದ ಬೇಲಿಗೆ ಮೂಗು ಹಚ್ಚಿ ನಿಂತಿತು. ಕಾಕಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಬಹಳ ತಿಂಗಳ ಮೇಲಿನ ನಗು. ನಡುವೆ ಎಲ್ಲೋ ಅದು ಅಳುವಾಯಿತು, ಮತ್ತೆ ನಗುವಾಯಿತು. ನಾನು ಅವರ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದೆ.

ಕಣ್ಣು ಒರೆಸಿಕೊಂಡು ಕಾಕಿ ಮತ್ತೆ ಸ್ಟೇರಿಂಗ್ ಹಿಡಿದರು.

“ಹಿಂದಕ ತಗೊಳ್ಳೂದು ಹೆಂಗ, ಅದನ್ನ ತೋರ್ಸು,” ಎಂದರು. “ಅವ್ವನ ಮನಿ ಇನ್ನೂ ದೂರ ಐತಿ.”